ಹದಿಹರೆಯದ ಮಕ್ಕಳು 'ಲವ್' ಅಂದಾಗ ಮನೆಯಲ್ಲಿ ಯಾವ ನಿಯಮ ಇರಬೇಕು? ಫಾರ್ವರ್ಡ್‌ಗಳು ಹೇಳುವುದೇನು, ನಿಜವೇನು?

ಕುಟುಂಬದ ವಾಟ್ಸ್‌ಆಪ್ ಗ್ರೂಪುಗಳಲ್ಲಿ ಹದಿಹರೆಯದ ಮಕ್ಕಳ ಪ್ರೀತಿಯ ಬಗ್ಗೆ ಬರುವ ಸಂದೇಶಗಳಿಗೆ ಸಾಮಾನ್ಯವಾಗಿ ಎರಡೇ ದನಿ. ಒಂದು, "ಮಗಳ ಫೋನ್ ಇವತ್ತೇ ಚೆಕ್ ಮಾಡಿ, ತಡ ಮಾಡಬೇಡಿ" ಎಂದು ಹೆದರಿಸುವ ದನಿ. ಇನ್ನೊಂದು, "ಈಗಿನ ಕಾಲ, ಬಿಟ್ಟುಬಿಡಿ, ಅವರೇ ಕಲಿಯುತ್ತಾರೆ" ಎಂದು ಕೈಚೆಲ್ಲುವ ದನಿ. ಎರಡನ್ನೂ ಓದಿದ ಅಪ್ಪ ಅಮ್ಮನಿಗೆ ನಾಳೆ ಬೆಳಿಗ್ಗೆ ಮಗಳ ಹತ್ತಿರ ಏನು ಮಾತಾಡಬೇಕು ಅನ್ನುವುದು ಮಾತ್ರ ತಿಳಿಯುವುದಿಲ್ಲ.

ತಿಳಿಯದೇ ಹೋದರೆ ಆಗುವ ನಷ್ಟ ಸಣ್ಣದಲ್ಲ. ಹುಡುಗಿಯನ್ನು ಕಾಲೇಜು ಬಿಡಿಸುತ್ತಾರೆ. ಅವಸರದಲ್ಲಿ ಮದುವೆ ಮಾಡುತ್ತಾರೆ. ಮಕ್ಕಳು ಮನೆ ಬಿಟ್ಟು ಹೋಗುತ್ತಾರೆ. ಸಿಟ್ಟಿನಲ್ಲಿ ಕೊಟ್ಟ ಒಂದು ದೂರು 17ರ ಹುಡುಗನನ್ನು ಬಾಲಮಂದಿರಕ್ಕೂ 19ರ ಹುಡುಗನನ್ನು ಜೈಲಿಗೂ ಕಳಿಸುತ್ತದೆ. ಇನ್ನು ಕೆಲವು ಮನೆಗಳಲ್ಲಿ ಮಗಳು ನಿಜವಾಗಿಯೂ ಬ್ಲ್ಯಾಕ್‌ಮೇಲ್‌ಗೆ ಸಿಕ್ಕಿರುತ್ತಾಳೆ, ಹೆದರಿ ಬಾಯಿ ಬಿಡುವುದಿಲ್ಲ.

ಹಾಗಾಗಿ ಈ ಲೇಖನದಲ್ಲಿ ನಾವು ಮೂರು ಕೆಲಸ ಮಾಡುತ್ತೇವೆ. ಪದೇ ಪದೇ ಕೇಳಿಬರುವ ಐದು ಮಾತುಗಳನ್ನು ಒರೆಗೆ ಹಚ್ಚುತ್ತೇವೆ. ಕಾನೂನು ಏನು ಹೇಳುತ್ತದೆ ಎಂದು ನೋಡುತ್ತೇವೆ. ಕೊನೆಗೆ, ಮನೆಯಲ್ಲಿ ಎಂಥ ನಿಯಮ ನಿಲ್ಲುತ್ತದೆ, ಎಂಥದ್ದು ಮುರಿಯುತ್ತದೆ ಎಂದು ವಿವರಿಸುತ್ತೇವೆ.

ಮಾತು 1: "ಒಳ್ಳೆಯ ಮನೆಯ ಮಕ್ಕಳಿಗೆ ಈ ವಯಸ್ಸಿನಲ್ಲಿ ಇದೆಲ್ಲ ಬರುವುದಿಲ್ಲ"

ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯ ಎನ್ನುತ್ತದೆ. ಈ ಅವಧಿಯಲ್ಲಿ ಹಾರ್ಮೋನುಗಳ ಬದಲಾವಣೆಯ ಜೊತೆಗೆ ಇನ್ನೊಬ್ಬರ ಮೇಲೆ ಆಕರ್ಷಣೆ ಹುಟ್ಟುವುದು ದೇಹದ, ಮನಸ್ಸಿನ ಸಹಜ ಬೆಳವಣಿಗೆ. ಮೀಸೆ ಮೂಡುವುದಕ್ಕೂ ಮುಟ್ಟು ಶುರುವಾಗುವುದಕ್ಕೂ ಮನೆತನ ಹೇಗೆ ಕಾರಣವಲ್ಲವೋ ಇದಕ್ಕೂ ಹಾಗೆಯೇ. ಆಕರ್ಷಣೆ ಹುಟ್ಟಿತು ಎಂದರೆ ಮಗು ಕೆಟ್ಟಿತು ಎಂದಾಗಲಿ, ಸಾಕಿದ ರೀತಿ ತಪ್ಪಾಯಿತು ಎಂದಾಗಲಿ ಅರ್ಥವಲ್ಲ.

ಮನೆಯ ನಿಯಮದ ಕೆಲಸ ಆಕರ್ಷಣೆ ಹುಟ್ಟದಂತೆ ತಡೆಯುವುದಲ್ಲ, ಅದು ಸಾಧ್ಯವೂ ಇಲ್ಲ. ಹುಟ್ಟಿದ ಮೇಲೆ ಮಗುವಿಗೆ ಪೆಟ್ಟಾಗದಂತೆ, ಇನ್ನೊಬ್ಬರಿಗೆ ಮಗು ಪೆಟ್ಟು ಕೊಡದಂತೆ ನೋಡಿಕೊಳ್ಳುವುದು ಅದರ ಕೆಲಸ.

ಮಾತು 2: "25 ವರ್ಷದವರೆಗೆ ಮೆದುಳು ಬೆಳೆದಿರುವುದಿಲ್ಲ, ಹಾಗಾಗಿ ಅವರಿಗೆ ಏನೂ ಗೊತ್ತಾಗುವುದಿಲ್ಲ"

ಅರ್ಧ ನಿಜ. ಮೆದುಳಿನ ಮುಂಭಾಗದ ಭಾಗ, ಅಂದರೆ ಮುಂದಾಲೋಚನೆ, ಸಂಯಮಕ್ಕೆ ಸಂಬಂಧಿಸಿದ ಭಾಗ, ಇಪ್ಪತ್ತರ ಹರೆಯದ ನಡುವಿನವರೆಗೂ ಪಕ್ವವಾಗುತ್ತಲೇ ಇರುತ್ತದೆ ಎನ್ನುವುದು ಸರಿ. ಆದರೆ 25ನೇ ಹುಟ್ಟುಹಬ್ಬದ ದಿನ ಸ್ವಿಚ್ ಹಾಕಿದ ಹಾಗೆ ಬುದ್ಧಿ ಬರುವುದಿಲ್ಲ. 15-16ರ ಮಕ್ಕಳು ಸಮಾಧಾನವಾಗಿ, ಯೋಚಿಸಲು ಸಮಯ ಇದ್ದಾಗ, ಸಾಕಷ್ಟು ಒಳ್ಳೆಯ ತೀರ್ಮಾನ ತೆಗೆದುಕೊಳ್ಳಬಲ್ಲರು. ತೊಂದರೆ ಬರುವುದು ಭಾವನೆ ಬಿಸಿಯಾಗಿದ್ದಾಗ, ಗೆಳೆಯರು ಸುತ್ತ ಇದ್ದಾಗ.

ಇದನ್ನು ತೋರಿಸುವ ಒಂದು ಪ್ರಸಿದ್ಧ ಪ್ರಯೋಗವಿದೆ. 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ಓಡಿಸುತ್ತಾರೆ ಎಂದು ನೋಡುವುದು ಉದ್ದೇಶ. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ಮಕ್ಕಳು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. 24 ದಾಟಿದವರಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಕಾಣಲಿಲ್ಲ.

ಮನೆಗೆ ಇದರಿಂದ ಸಿಗುವ ಪಾಠ ಸರಳ. ಕಷ್ಟದ ತೀರ್ಮಾನಗಳನ್ನು ಆ ಕ್ಷಣಕ್ಕೆ ಬಿಡಬೇಡಿ, ಮೊದಲೇ ಕೂತು ಮಾತಾಡಿಟ್ಟುಕೊಳ್ಳಿ. "ಬರ್ತ್‌ಡೇ ಪಾರ್ಟಿಯಲ್ಲಿ ಯಾರಾದರೂ ಬೇರೆ ಕಡೆ ಹೋಗೋಣ ಅಂದರೆ ಏನು ಮಾಡ್ತೀಯ?" ಎಂದು ಹೊರಡುವ ಹಿಂದಿನ ದಿನ ಕೇಳಿದರೆ ಮಗು ಯೋಚಿಸಿ ಉತ್ತರ ಕೊಡುತ್ತದೆ. ಅದೇ ಪ್ರಶ್ನೆ ರಾತ್ರಿ ಒಂಬತ್ತಕ್ಕೆ ಐದು ಜನ ಗೆಳೆಯರ ನಡುವೆ ಎದುರಾದರೆ ಉತ್ತರ ಬೇರೆ.

ಮಾತು 3: "ಇದರ ಬಗ್ಗೆ ಮಾತಾಡಿದರೆ ನಾವೇ ದಾರಿ ತೋರಿಸಿದ ಹಾಗೆ"

ನಿಜವಲ್ಲ. ಲೈಂಗಿಕ ಶಿಕ್ಷಣದ ಬಗ್ಗೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಯುನೆಸ್ಕೊದ 2018ರ ಮಾರ್ಗದರ್ಶಿ ಇದಕ್ಕೆ ನೇರ ಉತ್ತರ ಕೊಡುತ್ತದೆ. ಸರಿಯಾದ ಮಾಹಿತಿ ಕೊಡುವುದರಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಹೋಗುವುದಿಲ್ಲ, ಲೈಂಗಿಕ ಚಟುವಟಿಕೆ ಹೆಚ್ಚುವುದೂ ಇಲ್ಲ. ಮನೆಯಲ್ಲಿ ಮಾತಾಡದಿದ್ದರೆ ಮಕ್ಕಳಿಗೆ ಮಾಹಿತಿ ಸಿಗದೇ ಹೋಗುವುದಿಲ್ಲ. ರೀಲ್ಸ್‌ನಿಂದ, ಅಶ್ಲೀಲ ವಿಡಿಯೊಗಳಿಂದ, ತಮ್ಮಷ್ಟೇ ಗೊತ್ತಿರುವ ಗೆಳೆಯರಿಂದ ಸಿಗುತ್ತದೆ.

ಮಾತು 4: "ಈ ಆಪ್ ಹಾಕಿಕೊಳ್ಳಿ, ಮಗುವಿನ ಎಲ್ಲ ಮೆಸೇಜ್ ನಿಮ್ಮ ಫೋನಿಗೆ ಬರುತ್ತದೆ"

ಇಂಥ ಫಾರ್ವರ್ಡ್‌ಗಳನ್ನು ಎರಡು ಕಾರಣಕ್ಕೆ ನಂಬಬೇಡಿ. ಮೊದಲನೆಯದು ಭದ್ರತೆ. ಫಾರ್ವರ್ಡ್ ಆದ ಲಿಂಕ್‌ನಿಂದ ಇಳಿಸಿಕೊಂಡ ಕಳ್ಳ ಆಪ್ ನಿಮ್ಮ ಮಗುವಿನ ಫೋಟೊ, ಸಂದೇಶ, ಲೊಕೇಷನ್ ಎಲ್ಲವನ್ನೂ ಯಾರೋ ಗುರುತಿಲ್ಲದವರ ಸರ್ವರ್‌ಗೆ ಕಳಿಸಬಹುದು. ಮಗುವನ್ನು ಕಾಯಲು ಹೋಗಿ ಮನೆಯ ಬಾಗಿಲನ್ನೇ ತೆರೆದಿಟ್ಟ ಹಾಗಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಗೂಢಚಾರಿಕೆಯಿಂದ ನಿಜ ತಿಳಿಯುತ್ತದೆ ಎನ್ನುವ ನಂಬಿಕೆಯೇ ದುರ್ಬಲ. 2000ನೇ ಇಸವಿಯಲ್ಲಿ ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಸುಮಾರು 700 ಮಂದಿ 14 ವರ್ಷದ ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ಚೆನ್ನಾಗಿ ತಿಳಿದಿದ್ದ ಪೋಷಕರಿಗೆ ಅದು ತಿಳಿದದ್ದು ಹೇಗೆ ಎನ್ನುವುದು ಪ್ರಶ್ನೆ. ಕಾವಲು ಕಾದದ್ದರಿಂದಲ್ಲ, ಪ್ರಶ್ನೆಗಳ ಸುರಿಮಳೆಯಿಂದಲೂ ಅಲ್ಲ. ಹೆಚ್ಚಿನ ಪಾಲು ಮಾಹಿತಿ ಬಂದದ್ದು ಮಕ್ಕಳೇ ತಾವಾಗಿ ಹೇಳಿದ್ದರಿಂದ. ಇದು ಕಾರಣ ಮತ್ತು ಪರಿಣಾಮವನ್ನು ಸಾಬೀತು ಮಾಡುವ ಪ್ರಯೋಗವಲ್ಲ, ಹೋಲಿಕೆಯ ಅಧ್ಯಯನ. ಆದರೂ ಪೋಷಕರ ನಿಗಾ ಎಂಬ ವಿಷಯವನ್ನು ಸಂಶೋಧಕರು ನೋಡುವ ರೀತಿಯನ್ನೇ ಇದು ಬದಲಿಸಿತು.

ಅಂದರೆ ಪ್ರತಿಯೊಂದು ನಿಯಮಕ್ಕೂ ಒಂದು ಪರೀಕ್ಷೆ ಇಡಬಹುದು. ಈ ನಿಯಮದಿಂದ ನಾಳೆ ಮಗು ನನ್ನ ಹತ್ತಿರ ಹೆಚ್ಚು ಹೇಳುತ್ತದೆಯೇ, ಕಡಿಮೆ ಹೇಳುತ್ತದೆಯೇ? ಕಡಿಮೆ ಹೇಳುವಂತೆ ಮಾಡುವ ನಿಯಮ ಎಷ್ಟೇ ಬಿಗಿಯಾಗಿ ಕಂಡರೂ ನಿಮ್ಮನ್ನು ಕುರುಡಾಗಿಸುತ್ತದೆ.

ಮಾತು 5: "ಬೇಗ ಮದುವೆ ಮಾಡಿಬಿಟ್ಟರೆ ಎಲ್ಲ ಸರಿ ಹೋಗುತ್ತದೆ"

ಇದು ಅತ್ಯಂತ ಅಪಾಯದ ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಮಾಡಿಸಿದವರು, ನಡೆಸಿಕೊಟ್ಟವರು, ತಡೆಯದೆ ಬಿಟ್ಟ ಪೋಷಕರು ಎಲ್ಲರೂ ಶಿಕ್ಷೆಗೆ ಒಳಗಾಗಬಹುದು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿದೆ. ಕಾನೂನಿನ ಕಣ್ಣಲ್ಲಿ ಆ ಮದುವೆ ನಡೆದೇ ಇಲ್ಲ. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, 18 ತುಂಬದ ಹೆಂಡತಿಯ ಜೊತೆಗಿನ ಲೈಂಗಿಕ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಿತು. ಹಾಗಾಗಿ ಮದುವೆ ಮಾಡಿಬಿಡುವುದು ಪರಿಹಾರವಾಗುವುದಿಲ್ಲ, ಎರಡನೇ ಅಪರಾಧವಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಗೊಂದಲ ಬಹಳ. ಸ್ಪಷ್ಟವಾಗಿ ನೋಡೋಣ.

18 ತುಂಬದ ಇಬ್ಬರು ಪ್ರೀತಿಸುವುದು, ಮಾತಾಡುವುದು, ಮೆಸೇಜ್ ಮಾಡುವುದು, ಜೊತೆಗೆ ಜ್ಯೂಸ್ ಕುಡಿಯಲು ಹೋಗುವುದು ಅಪರಾಧವಲ್ಲ. "ಲವ್ ಮಾಡಿದರೆ ಪೋಕ್ಸೊ ಕೇಸ್" ಎನ್ನುವ ಫಾರ್ವರ್ಡ್ ಆ ಅರ್ಥದಲ್ಲಿ ತಪ್ಪು. ಆದರೆ ಲೈಂಗಿಕ ಸಂಬಂಧ ಅಥವಾ ಲೈಂಗಿಕ ಉದ್ದೇಶದ ಸ್ಪರ್ಶ ಬಂದ ಕೂಡಲೇ ಪೋಕ್ಸೊ, ಅಂದರೆ 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅನ್ವಯವಾಗುತ್ತದೆ. ಆ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳು, ಹುಡುಗಿಯಾದರೂ ಹುಡುಗನಾದರೂ. "ನಾನೇ ಒಪ್ಪಿದ್ದೆ" ಎಂಬ ಮಾತು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 2012ಕ್ಕೆ ಮೊದಲು ಒಪ್ಪಿಗೆಯ ವಯಸ್ಸು 16 ಇತ್ತು. ಈಗ 18.

ಶಿಕ್ಷೆಯೂ ಕಠಿಣ. 2019ರ ತಿದ್ದುಪಡಿಯ ನಂತರ ಲೈಂಗಿಕ ಸಂಬಂಧಕ್ಕೆ ಕನಿಷ್ಠ 10 ವರ್ಷ ಸೆರೆ. ಮಗು 16ಕ್ಕಿಂತ ಚಿಕ್ಕದಾಗಿದ್ದರೆ ಕನಿಷ್ಠ 20 ವರ್ಷ. ಆರೋಪಿ 18ಕ್ಕಿಂತ ಚಿಕ್ಕವನಾದರೆ ಬಾಲನ್ಯಾಯ ಮಂಡಳಿ ಮುಂದೆ ಹೋಗುತ್ತಾನೆ. ಆದರೆ 16 ದಾಟಿದ್ದು ಆರೋಪ ಘೋರ ಸ್ವರೂಪದ್ದಾದರೆ, ಮಂಡಳಿಯ ಪರಿಶೀಲನೆಯ ನಂತರ ವಯಸ್ಕನಂತೆ ವಿಚಾರಣೆ ಎದುರಿಸುವ ಸಾಧ್ಯತೆಯೂ ಇದೆ. 18 ತುಂಬದವರನ್ನು ಪೋಷಕರ ಒಪ್ಪಿಗೆ ಇಲ್ಲದೆ ಕರೆದುಕೊಂಡು ಹೋದರೆ, ಅವರು ಇಷ್ಟಪಟ್ಟೇ ಬಂದಿದ್ದರೂ, ಅಪಹರಣದ ಪ್ರಕರಣ ದಾಖಲಾಗಬಹುದು.

ಇಂಥ ಪ್ರಕರಣಗಳನ್ನು ದಾಖಲಿಸುವವರು ಯಾರು? ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ ಪೋಕ್ಸೊ ನ್ಯಾಯಾಲಯಗಳ 2016ರಿಂದ 2020ರವರೆಗಿನ 7,064 ತೀರ್ಪುಗಳನ್ನು ಓದಿತು. ಅದರಲ್ಲಿ 1,715, ಅಂದರೆ ಸುಮಾರು ನಾಲ್ಕರಲ್ಲಿ ಒಂದು, ಪ್ರೇಮ ಸಂಬಂಧದ ಪ್ರಕರಣಗಳು. ಅಂಥ ಹತ್ತು ಪ್ರಕರಣಗಳಲ್ಲಿ ಸುಮಾರು ಎಂಟರಲ್ಲಿ ದೂರು ಕೊಟ್ಟವರು ಹುಡುಗಿಯ ಅಪ್ಪ ಅಮ್ಮ ಅಥವಾ ಸಂಬಂಧಿಕರು. ಹೆಚ್ಚಿನವು ಖುಲಾಸೆಯಲ್ಲಿ ಮುಗಿದವು. ಅಷ್ಟರಲ್ಲಿ ಹುಡುಗ ಜೈಲು ಕಂಡಿರುತ್ತಾನೆ, ಹುಡುಗಿ ವೈದ್ಯಕೀಯ ಪರೀಕ್ಷೆ, ಹೇಳಿಕೆ, ಕೋರ್ಟು ಎಂದು ಅಲೆದಿರುತ್ತಾಳೆ.

ಕಾನೂನು ಬದಲಾಗಬೇಕೇ ಎಂಬ ಚರ್ಚೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ, 16 ದಾಟಿದವರ ಪ್ರೇಮ ಪ್ರಕರಣಗಳನ್ನು ಗಮನಿಸಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಯೋಚನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ಸೆಪ್ಟೆಂಬರ್‌ನ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದು ಸಲಹೆ ಕೊಟ್ಟಿತು. ಹಾಗಾಗಿ "ವಯಸ್ಸು 16ಕ್ಕೆ ಇಳಿದಿದೆ" ಎಂಬ ಸಂದೇಶ ಬಂದರೆ ನಂಬಬೇಡಿ, ಮುಂದೆ ಕಳಿಸಬೇಡಿ.

ಇದನ್ನೆಲ್ಲ ಮಕ್ಕಳಿಗೆ ಹೆದರಿಸುವ ದನಿಯಲ್ಲಿ ಹೇಳಬೇಕಿಲ್ಲ. ರಸ್ತೆ ನಿಯಮ ಹೇಳಿದ ಹಾಗೆ ಹೇಳಿ. ಮಗಳಿಗೆ ಹೇಳುವಷ್ಟೇ ಮಗನಿಗೂ ಹೇಳಿ. ಈ ಕಾಯ್ದೆಯಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲುವವನು ಹೆಚ್ಚಾಗಿ ಹುಡುಗ, ಆದರೆ ಅನೇಕ ಮನೆಗಳಲ್ಲಿ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಯಾವ ನಿಯಮ ನಿಲ್ಲುತ್ತದೆ?

1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ ಪೋಷಕರ ರೀತಿಯನ್ನು ಮೂರಾಗಿ ವಿಂಗಡಿಸಿದರು. ಬರೀ ಆಜ್ಞೆ ಮಾಡುವವರು, ಬರೀ ಬಿಟ್ಟುಬಿಡುವವರು, ಪ್ರೀತಿಯನ್ನೂ ಗಡಿಯನ್ನೂ ಜೊತೆಗಿಟ್ಟು ಕಾರಣ ಹೇಳುವವರು. ನಂತರದ ದಶಕಗಳ ಬಹಳಷ್ಟು ಅಧ್ಯಯನಗಳಲ್ಲಿ ಮೂರನೆಯ ರೀತಿಯ ಮನೆಗಳ ಮಕ್ಕಳೇ ಓದಿನಲ್ಲೂ ನಡವಳಿಕೆಯಲ್ಲೂ ಮುಂದೆ ಕಂಡರು. ನಿಯಮವೇ ಬೇಡ ಎಂದು ಇದರ ಅರ್ಥವಲ್ಲ. ನಿಯಮ ಬೇಕು, ಅದಕ್ಕೆ ಕಾರಣವೂ ಬೇಕು.

ಜುಡಿತ್ ಸ್ಮೆಟಾನಾ ಎಂಬ ಇನ್ನೊಬ್ಬ ಸಂಶೋಧಕಿಯ ಕೆಲಸ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸುರಕ್ಷತೆ, ಇನ್ನೊಬ್ಬರಿಗೆ ಅನ್ಯಾಯ ಮಾಡದಿರುವುದು, ಇಂಥ ವಿಷಯಗಳಲ್ಲಿ ನಿಯಮ ಮಾಡುವ ಹಕ್ಕು ಪೋಷಕರಿಗಿದೆ ಎಂದು ಹದಿಹರೆಯದವರೇ ಒಪ್ಪುತ್ತಾರೆ. "ಇದು ನನ್ನ ಸ್ವಂತ ವಿಷಯ" ಎಂದು ಅವರು ಭಾವಿಸುವ ಕಡೆ, ಅಂದರೆ ಯಾರು ಇಷ್ಟವಾಗಬೇಕು, ಡೈರಿಯಲ್ಲಿ ಏನು ಬರೆಯಬೇಕು ಎಂಬಲ್ಲಿ, ನಿಯಮ ಹಾಕಿದರೆ ಜಗಳ ಶುರುವಾಗುತ್ತದೆ. "ಅವನನ್ನು ಇಷ್ಟಪಡಬಾರದು" ಎನ್ನುವುದು ಪಾಲಿಸಲಾಗದ ನಿಯಮ. "ಯಾರ ಜೊತೆ ಹೋದರೂ ಎಲ್ಲಿದ್ದೀಯ ಅಂತ ನಮಗೆ ಗೊತ್ತಿರಬೇಕು" ಎನ್ನುವುದು ಪಾಲಿಸಬಹುದಾದ ನಿಯಮ.

ಈ ಎರಡು ತಿಳಿವಳಿಕೆಯನ್ನು ಇಟ್ಟುಕೊಂಡು, ನಮ್ಮ ಮನೆಗಳಿಗೆ ಹೊಂದುವ ಏಳು ನಿಯಮಗಳನ್ನು ಇಲ್ಲಿ ಕೊಡುತ್ತಿದ್ದೇವೆ.

1. ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್. ಈ ಮೂರೂ ಮನೆಗೆ ತಿಳಿದಿರಬೇಕು. ತಡವಾದರೆ ಫೋನ್ ಬರಬೇಕು. ಇಡೀ ದಿನ ಲೊಕೇಷನ್ ಹಿಂಬಾಲಿಸುವ ಬದಲು, ದೂರ ಹೋಗುವಾಗ ವಾಟ್ಸ್‌ಆಪ್‌ನ ಲೈವ್ ಲೊಕೇಷನ್ ಅನ್ನು ಒಂದು ಗಂಟೆಗೋ ಎಂಟು ಗಂಟೆಗೋ ಹಂಚಿಕೊಳ್ಳಲು ಹೇಳಿ. ಅವಧಿ ಮುಗಿದಾಗ ಅದು ತಾನಾಗಿ ನಿಲ್ಲುತ್ತದೆ. ಈ ನಿಯಮ ದೊಡ್ಡವರಿಗೂ ಇರಲಿ. ಅಪ್ಪ ರಾತ್ರಿ ತಡವಾಗಿ ಬರುವಾಗಲೂ ಮನೆಗೆ ಫೋನ್ ಮಾಡಲಿ.

2. ಭೇಟಿ ನಾಲ್ಕು ಜನರಿರುವ ಕಡೆ. ಕಾಲೇಜು ಕ್ಯಾಂಟೀನ್, ಲೈಬ್ರರಿ, ಪಾರ್ಕು, ಬೇಕರಿ ಸರಿ. ಖಾಲಿ ಮನೆ, ಲಾಡ್ಜ್, ಊರಾಚೆಯ ಬೈಕ್ ರೈಡ್ ಬೇಡ. ಆನ್‌ಲೈನ್‌ನಲ್ಲಿ ಮಾತ್ರ ಪರಿಚಯವಾದವರನ್ನು ಒಬ್ಬರೇ ಹೋಗಿ ಭೇಟಿಯಾಗುವಂತಿಲ್ಲ. ಸಾಧ್ಯವಾದರೆ "ಮನೆಗೇ ಕರೆದುಕೊಂಡು ಬಾ, ಎಲ್ಲ ಫ್ರೆಂಡ್ಸೂ ಬರಲಿ, ಕಾಫಿ ಕುಡಿದು ಹೋಗಲಿ" ಎನ್ನಿ. ಬಾಗಿಲು ತೆರೆದಿರುವ ಹಜಾರದಲ್ಲಿ ಕೂತು ಮಾತಾಡುವುದು ಕದ್ದು ಭೇಟಿಯಾಗುವುದಕ್ಕಿಂತ ಎಷ್ಟೋ ಸುರಕ್ಷಿತ.

3. ದೇಹದ ವಿಷಯದಲ್ಲಿ ಗಡಿ ಸ್ಪಷ್ಟ. 18 ತುಂಬುವವರೆಗೆ ಲೈಂಗಿಕ ಸಂಬಂಧ ಬೇಡ. ಕಾರಣವನ್ನೂ ಹೇಳಿ. ಕಾನೂನು, ಗರ್ಭ, ಸೋಂಕು, ಮನಸ್ಸಿನ ಭಾರ. ಇದರ ಜೊತೆಗೆ ಇನ್ನೂ ಮುಖ್ಯವಾದ ಮಾತು: "ಬೇಡ" ಅಂದರೆ ಬೇಡವೇ. ಮೌನವೂ ಒಪ್ಪಿಗೆಯಲ್ಲ. ಸಿನಿಮಾದಲ್ಲಿ ಹಿಂದೆ ಬಿದ್ದು ಕಾಡಿದ ಹುಡುಗನಿಗೆ ಕೊನೆಗೆ ಹುಡುಗಿ ಸಿಗುತ್ತಾಳೆ. ನಿಜ ಜೀವನದಲ್ಲಿ ಹಿಂದೆ ಬೀಳುವುದು ಅಪರಾಧ.

4. ಬಟ್ಟೆಯಿಲ್ಲದ ಫೋಟೊ ತೆಗೆಯುವುದಿಲ್ಲ, ಕಳಿಸುವುದಿಲ್ಲ, ಕೇಳುವುದಿಲ್ಲ, ಬಂದರೆ ಮುಂದೆ ಕಳಿಸುವುದಿಲ್ಲ. 18 ತುಂಬದವರ ಇಂಥ ಚಿತ್ರ ಮಾಡುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ತರಗತಿಯ ಗ್ರೂಪಿನಲ್ಲಿ "ತಮಾಷೆಗೆ" ಫಾರ್ವರ್ಡ್ ಮಾಡಿದವರಿಗೂ ಇದು ಅನ್ವಯ.

5. ಪಾಸ್‌ವರ್ಡ್ ಪ್ರೀತಿಯ ಸಾಕ್ಷಿಯಲ್ಲ. ಬಾಯ್‌ಫ್ರೆಂಡ್ ಆಗಲಿ ಗರ್ಲ್‌ಫ್ರೆಂಡ್ ಆಗಲಿ ಕೇಳಿದರೂ ಕೊಡುವುದಿಲ್ಲ. ಸಾಲ ಮಾಡಿ ಗಿಫ್ಟ್ ಕೊಡುವುದಿಲ್ಲ. ಮನೆಯ ಯುಪಿಐ ಪಿನ್ ಯಾರಿಗೂ ಹೇಳುವುದಿಲ್ಲ.

6. ವಯಸ್ಸಿನ ಅಂತರ. 15ರ ಹುಡುಗಿಗೂ 24ರ ಯುವಕನಿಗೂ ಇರುವುದು ಸಮಾನರ ಸಂಬಂಧವಲ್ಲ. ಟ್ಯೂಷನ್ ಮೇಷ್ಟ್ರು, ಕೋಚ್, ಬಸ್ ಡ್ರೈವರ್, ಸಂಬಂಧಿಕ, ಯಾರೇ ದೊಡ್ಡವರು "ಇದು ನಮ್ಮಿಬ್ಬರ ಗುಟ್ಟು" ಎಂದರೆ ಅದೇ ಮೊದಲ ಎಚ್ಚರಿಕೆಯ ಗಂಟೆ. ಇಲ್ಲಿ ಮನೆಯವರು ಕೂಡಲೇ ನಡುವೆ ಬರಬೇಕು.

7. ರಾತ್ರಿ ಫೋನ್ ಹೊರಗೆ. ಮಲಗುವ ಹೊತ್ತಿಗೆ ಎಲ್ಲರ ಫೋನೂ ಹಜಾರದಲ್ಲಿ ಚಾರ್ಜಿಗೆ. ನಿದ್ದೆ ಕೆಟ್ಟರೆ ಓದೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ.

ಇದರಲ್ಲಿ 13 ವರ್ಷದ ಮಗುವಿಗೂ 17ರವರಿಗೂ ಒಂದೇ ಅಳತೆ ಬೇಡ. ನಂಬಿಕೆ ಉಳಿಸಿಕೊಂಡ ಹಾಗೆ ಸಮಯ, ಜಾಗದ ಮಿತಿಗಳು ಸಡಿಲವಾಗುತ್ತವೆ ಎಂದು ಮೊದಲೇ ಹೇಳಿ. ಆರು ತಿಂಗಳಿಗೊಮ್ಮೆ ಕೂತು ಮತ್ತೆ ಮಾತಾಡಿ. ದೇಹ, ಫೋಟೊ, ವಯಸ್ಸಿನ ಅಂತರದ ನಿಯಮಗಳು ಮಾತ್ರ ಚೌಕಾಸಿಗೆ ಬರುವುದಿಲ್ಲ.

ಮಗನಿಗೊಂದು, ಮಗಳಿಗೊಂದು?

ಮಗ ರಾತ್ರಿ ಹತ್ತಕ್ಕೆ ಬಂದರೆ "ಊಟ ಮಾಡಿದ್ಯೇನೋ?" ಎಂಬ ಪ್ರಶ್ನೆ, ಮಗಳು ಏಳಕ್ಕೆ ಬಂದರೆ ವಿಚಾರಣೆ. ಹೀಗಿರುವ ಮನೆಯಲ್ಲಿ ಮಗಳು ನಿಯಮದ ಹಿಂದೆ ಕಾಳಜಿ ಇದೆ ಎಂದು ನಂಬುವುದು ಕಷ್ಟ. ಹೊರಗೆ ಹುಡುಗಿಯರಿಗೆ ಅಪಾಯ ಹೆಚ್ಚು ಎಂಬುದು ನಿಜ, ಆ ಕಾರಣಕ್ಕೆ ಕೆಲವು ಎಚ್ಚರಿಕೆ ಬೇರೆ ಇರಬಹುದು. ಆದರೆ ಕಾಲೇಜು ಬಿಡಿಸುವುದು ಎಚ್ಚರಿಕೆಯಲ್ಲ, ಶಿಕ್ಷೆ. ಆ ಶಿಕ್ಷೆ ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಬೀಳುತ್ತದೆ, ಅವರ ಮುಂದಿನ ನಲವತ್ತು ವರ್ಷದ ದುಡಿಮೆಗೆ ಪೆಟ್ಟು ಕೊಡುತ್ತದೆ. ಇದು ಮನೆಗೂ ತಿಳಿದಿರುತ್ತದೆ, ಮಗಳಿಗೂ ತಿಳಿದಿರುತ್ತದೆ. ಅದಕ್ಕೇ ಅವಳು ತೊಂದರೆಯಲ್ಲಿದ್ದಾಗಲೂ ಹೇಳುವುದಿಲ್ಲ. "ಏನೇ ಆದರೂ ನಿನ್ನ ಓದು ನಿಲ್ಲಿಸುವುದಿಲ್ಲ" ಎಂಬ ಒಂದು ಮಾತು ಏಳು ನಿಯಮಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕು. ಅನೇಕ ಮನೆಗಳಲ್ಲಿ ಗಲಾಟೆಯ ಮೂಲ ವಯಸ್ಸಲ್ಲ. ಹುಡುಗ ಯಾವ ಜಾತಿ, ಹುಡುಗಿ ಯಾವ ಧರ್ಮ ಎಂಬುದು. ಮಕ್ಕಳಿಗೆ ಇದು ಕೂಡಲೇ ಗೊತ್ತಾಗುತ್ತದೆ. "ಓದಿನ ಮೇಲೆ ಗಮನ ಕೊಡು" ಎನ್ನುತ್ತಾ ಮನಸ್ಸಿನಲ್ಲಿ ಜಾತಿ ಇಟ್ಟುಕೊಂಡರೆ, ಸುರಕ್ಷತೆಯ ಬಗ್ಗೆ ನೀವು ಹೇಳಿದ ನಿಜವಾದ ಮಾತುಗಳೂ ನೆಪ ಎನಿಸಿಬಿಡುತ್ತವೆ. ಹೊಡೆಯುವುದು, ಕೂಡಿಹಾಕುವುದು, ಆ ಹುಡುಗನ ಮನೆಗೆ ಜನ ಕರೆದುಕೊಂಡು ಹೋಗುವುದು ಇವೆಲ್ಲ ಅಪರಾಧಗಳು. ಮರ್ಯಾದೆಯ ಹೆಸರಿನಲ್ಲಿ ಮಕ್ಕಳ ಜೀವ ಹೋದ ಪ್ರಕರಣಗಳನ್ನು ಕರ್ನಾಟಕವೂ ಕಂಡಿದೆ.

ನಿಯಮ ಮುರಿದಾಗ

ಒಂದು ದಿನ ಮುರಿಯುತ್ತಾರೆ. ಆಗ ಮೊದಲ ಅರ್ಧ ಗಂಟೆ ಬಹಳ ಮುಖ್ಯ. "ಬಂದ್ಯಲ್ಲ, ಸಾಕು. ಊಟ ಮಾಡಿ ಮಲಗು, ನಾಳೆ ಮಾತಾಡೋಣ" ಎನ್ನುವುದು ಸೋಲಲ್ಲ. ಮರುದಿನ ಕೇಳಿ, ಪೂರ್ತಿ ಕೇಳಿ, ಆಮೇಲೆ ಪರಿಣಾಮ ಹೇಳಿ. ಪರಿಣಾಮ ತಪ್ಪಿಗೆ ತಕ್ಕಂತಿರಲಿ, ದಿನ ಗೊತ್ತಿರಲಿ. ಎರಡು ಗಂಟೆ ತಡವಾಗಿದ್ದಕ್ಕೆ ಮುಂದಿನ ಎರಡು ವಾರ ಸಂಜೆ ಹೊರಗೆ ಹೋಗುವುದು ಬೇಡ ಎನ್ನಬಹುದು. "ಇನ್ನು ಜೀವಮಾನದಲ್ಲಿ ಫೋನ್ ಇಲ್ಲ" ಎನ್ನುವುದು ನೀವೂ ಪಾಲಿಸಲಾಗದ ಮಾತು.

ಒಂದು ಒಪ್ಪಂದ ಎಲ್ಲಕ್ಕಿಂತ ಮೇಲಿರಲಿ. ಅಪಾಯ ಅನಿಸಿದಾಗ, ಎಲ್ಲಿಂದಲಾದರೂ, ಎಷ್ಟು ಹೊತ್ತಿಗಾದರೂ ಮಗು ಫೋನ್ ಮಾಡಿದರೆ ಮನೆಯವರು ಹೋಗಿ ಕರೆತರುತ್ತಾರೆ, ಆ ರಾತ್ರಿ ಒಂದೂ ಪ್ರಶ್ನೆ ಕೇಳುವುದಿಲ್ಲ. ಇದು ಪಾಲನೆಯಾಗುತ್ತದೆ ಎಂದು ಮಗುವಿಗೆ ಗೊತ್ತಿದ್ದರೆ ಉಳಿದ ನಿಯಮ ಮುರಿದ ದಿನವೂ ಅದು ನಿಮ್ಮ ಬಳಿಗೇ ಬರುತ್ತದೆ.

ಪ್ರೀತಿ ಮುರಿದುಬಿದ್ದಾಗ "ಅಷ್ಟಕ್ಕೆಲ್ಲ ಅಳ್ತಾರಾ?" ಎನ್ನಬೇಡಿ. ನಿಮಗೆ ಸಣ್ಣದು, ಆ ವಯಸ್ಸಿಗೆ ಅದೇ ಮೊದಲ ದೊಡ್ಡ ನಷ್ಟ. ಊಟ ನಿದ್ದೆ ಬಿಡುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಕಂಡರೆ ಒಬ್ಬರನ್ನೇ ಬಿಡಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಯಾರಿಗೆ ಫೋನ್ ಮಾಡಬೇಕು?

ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ ಇದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ತುರ್ತು ಪೊಲೀಸ್ ನೆರವಿಗೆ 112. ಉಚಿತ ಕಾನೂನು ಸಲಹೆಗೆ 15100. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ಫೋಟೊ ಇಟ್ಟುಕೊಂಡು ಬ್ಲ್ಯಾಕ್‌ಮೇಲ್ ಮಾಡುತ್ತಿದ್ದರೆ ಹಣ ಕೊಡಬೇಡಿ, ಚಾಟ್ ಅಳಿಸಬೇಡಿ, ಬೆದರಿಕೆಯ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ಹಣ ಹೋಗಿದ್ದರೆ 1930ಕ್ಕೂ ಕರೆ ಮಾಡಿ. 18 ತುಂಬದವರ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗಿ, ಈ ಸೇವೆಗೆ ಸೇರಿರುವ ಜಾಲತಾಣಗಳು ಆ ಚಿತ್ರವನ್ನು ಹುಡುಕಿ ತೆಗೆಯಲು ನೆರವಾಗುತ್ತದೆ.

ಗರ್ಭ ನಿಂತಿರುವ ಅನುಮಾನ ಇದ್ದರೆ ನಾಟಿ ಔಷಧಿ, ಮೆಡಿಕಲ್ ಶಾಪ್ ಮಾತ್ರೆ ಎಂದು ಸುತ್ತಬೇಡಿ, ಜೀವಕ್ಕೆ ಅಪಾಯ. ವೈದ್ಯರ ಬಳಿ ಹೋಗಿ. 18 ತುಂಬದವರ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ವೈದ್ಯರು ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಅವಳ ಗುರುತನ್ನು ಅದರಲ್ಲಿ ಬಹಿರಂಗ ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹೆಸರು ಹೊರಬರುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಉಳಿಯಬೇಡಿ.

ಒಟ್ಟಾರೆ

ಹದಿಹರೆಯದಲ್ಲಿ ಆಕರ್ಷಣೆ ಸಹಜ. ಅದರ ಬಗ್ಗೆ ಮಾತಾಡಿದರೆ ಮಕ್ಕಳು ಕೆಡುವುದಿಲ್ಲ. ಕಳ್ಳ ಆಪ್‌ಗಿಂತ ಮಗು ತಾನಾಗಿ ಹೇಳುವ ಮಾತು ಹೆಚ್ಚು ನಂಬಬಹುದಾದ ಮಾಹಿತಿ. ಪ್ರೀತಿ ಅಪರಾಧವಲ್ಲ, ಆದರೆ 18 ತುಂಬದವರ ಜೊತೆ ಲೈಂಗಿಕ ಸಂಬಂಧ ಒಪ್ಪಿಗೆ ಇದ್ದರೂ ಅಪರಾಧ. ಬಾಲ್ಯವಿವಾಹ ಪರಿಹಾರವಲ್ಲ. ನಿಯಮ ಕಡಿಮೆ ಇರಲಿ, ಕಾರಣ ಸ್ಪಷ್ಟವಾಗಿರಲಿ, ಮಗ ಮಗಳು ಇಬ್ಬರಿಗೂ ಇರಲಿ.

ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ ಈ ನಂಬರುಗಳನ್ನು ಮಾಡಿ: 14416, 1098, 112, 1930, 15100. ನಿಮ್ಮ ಮಗುವಿನ ಫೋನಿನಲ್ಲೂ ಇವತ್ತೇ ಸೇವ್ ಮಾಡಿಸಿ, ನಿಮ್ಮ ನಂಬರ್ ಮೊದಲಿಗಿರಲಿ.